2011ರ ಆಲ್ಟೊ: ಆರ್‌ಸಿ ಅವಧಿ ಮುಗೀತಾ ಬಂತು, ಇಂಜಿನ್ ಇಳಿಸಬೇಕಂತೆ. 20 ಸಾವಿರದಲ್ಲಿ ಮೊದಲು ಏನು ಮಾಡಿಸಲಿ?

ಹಳೇಆಲ್ಟೊ (ಶಿವಮೊಗ್ಗ)
ಎಲ್ಲರಿಗೂ ನಮಸ್ಕಾರ. 2011ರ ಆಲ್ಟೊ ಎಲ್‌ಎಕ್ಸ್‌ಐ, 796 ಸಿಸಿ ಪೆಟ್ರೋಲ್. ಓಡಿರುವುದು 1,18,000 ಕಿ.ಮೀ. ಇನ್ನೆರಡು ತಿಂಗಳಿಗೆ 15 ವರ್ಷ ತುಂಬುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಹೋಗುತ್ತದೆ. ಊರೊಳಗೆ ಓಡಿಸಿದರೆ ಅದೇ ಮುಳ್ಳು ನಡುಮಟ್ಟಕ್ಕೂ ಬರುವುದಿಲ್ಲ. ಬಾನೆಟ್ ಕಡೆಯಿಂದ ಆಯಿಲ್ ಸುಟ್ಟ ವಾಸನೆ. ಹಂಪ್ ಇಳಿಸಿದಾಗ ಮುಂದಿನ ಎಡಗಡೆ ಕಟಕಟ ಸದ್ದು. ಡ್ರೈವರ್ ಕಾಲಡಿಯ ಕಾರ್ಪೆಟ್ ಎತ್ತಿದರೆ ತುಕ್ಕು. ಬ್ರೇಕ್ ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತದೆ. ಟೈಮಿಂಗ್ ಬೆಲ್ಟ್ (ಇಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ಆಡಿಸುವ ರಬ್ಬರ್ ಪಟ್ಟಿ) ಯಾವಾಗ ಹಾಕಿಸಿದ್ದು ಎಂಬುದಕ್ಕೆ ಬಿಲ್ ಇಲ್ಲ.

ಗ್ಯಾರೇಜಿನವರು ಆಯಿಲ್ ಮುಚ್ಚಳ ತೆಗೆದು ಅದರೊಳಗೆ ಅಂಟಿದ್ದ ಬಿಳಿ ಕೆನೆ ತೋರಿಸಿ, ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಅಡಿಯ ಸೀಲ್) ಹೋಗಿದೆ, ಇಂಜಿನ್ ಇಳಿಸಬೇಕು ಅಂದರು. ಎಲ್ಲ ಸೇರಿ 62,000 ಅಂದಾಜು. ಕೈಯಲ್ಲಿರುವುದು 20,000. ಯಾವುದನ್ನು ಮೊದಲು ಮಾಡಿಸಲಿ, ಯಾವುದು ಕಾಯಬಹುದು?

ಗುಂಡಿಗಳರಾಜ
15 ವರ್ಷ ಆದಮೇಲೆ ಗುಜರಿಗೆ ಹಾಕಲೇಬೇಕಲ್ವಾ? ದುಡ್ಡು ಸುರಿದು ಏನು ಪ್ರಯೋಜನ.

ಕಾಗದಪತ್ರ
ಅಲ್ಲ ಸರ್. ಅದು ದೆಹಲಿ ಸುತ್ತಮುತ್ತಲ ಎನ್‌ಸಿಆರ್ ಕಥೆ. ಹಸಿರು ನ್ಯಾಯಮಂಡಳಿಯ ಆದೇಶ, ಅದರ ಮೇಲೆ ಸುಪ್ರೀಂ ಕೋರ್ಟಿನ 2018ರ ಆದೇಶ. ಪೆಟ್ರೋಲಿಗೆ 15, ಡೀಸೆಲ್‌ಗೆ 10 ವರ್ಷ ಅಂತ ಆಗ ಹೇಳಿದ್ದರು. ನೋಂದಣಿ ನವೀಕರಣವೇ ಇಲ್ಲ ಅನ್ನೋದು 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳಿಗೆ. ಕರ್ನಾಟಕದಲ್ಲಿ ಖಾಸಗಿ ಕಾರು ಪರೀಕ್ಷೆಯಲ್ಲಿ ಪಾಸಾದರೆ ಆರ್‌ಸಿ ಇನ್ನೂ 5 ವರ್ಷ ಸಿಗುತ್ತೆ, ಆಮೇಲೆ ಮತ್ತೆ 5.

ರಿಂಚುಪಾನಾ
ಹಳೇಆಲ್ಟೊ ಸರ್, ಇಂಜಿನ್ ಇಳಿಸೋಕೆ ಒಪ್ಪಿಕೋಬೇಡಿ. ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ಊರೊಳಗೆ ಮುಳ್ಳು ನಡುಮಟ್ಟಕ್ಕೂ ಬರಲ್ಲ ಅಂದರೆ ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನ ರೇಡಿಯೇಟರ್‌ಗೆ ಬಿಡೋ ವಾಲ್ವ್) ತೆರೆದೇ ನಿಂತಿದೆ, ಇಲ್ಲಾಂದ್ರೆ ಯಾರೋ ಹಿಂದೆ ಕಿತ್ತು ಹಾಕಿದ್ದಾರೆ. ಇಂಜಿನ್ ಪೂರ್ತಿ ಬಿಸಿಯಾಗದೆ ದಿನಾ ಎರಡು ಮೂರು ಕಿ.ಮೀ. ಓಡಿದರೆ ಒಳಗಿನ ತೇವ ಆವಿಯಾಗಿ ಹೊರಗೆ ಹೋಗಲ್ಲ. ತಣ್ಣಗಿರೋ ಮುಚ್ಚಳಕ್ಕೆ ಬಂದು ಆಯಿಲ್ ಜೊತೆ ಸೇರಿ ಕೆನೆ ಆಗುತ್ತೆ. ಮಳೆಗಾಲದಲ್ಲಿ ಮಲೆನಾಡಲ್ಲಿ ಇದು ಬಹಳ ಮಾಮೂಲು.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಬೇರೆ ಗುರುತುಗಳು ಇರಬೇಕು. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಎಳೆದು ನೋಡಿ. ಕೆನೆ ಮುಚ್ಚಳದಲ್ಲಿ ಮಾತ್ರ ಇದ್ದು ಡಿಪ್‌ಸ್ಟಿಕ್ ಆಯಿಲ್ ಬರೀ ಕಪ್ಪಗೆ ಇದ್ದರೆ ಅರ್ಧ ಭಯ ಬಿಡಿ. ಅದೂ ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಮಾತ್ರ ಗಂಭೀರ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರು ಬಾಯಿಮಟ್ಟ ತುಂಬಿಸಿ, ಸ್ಟಾರ್ಟ್ ಮಾಡಿ ಬಾಯಲ್ಲೇ ನೋಡ್ತಿರಿ. ಮೊದಲು ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗೆ ಸಿಕ್ಕಿದ್ದ ಗಾಳಿ. ಗುಳ್ಳೆ ನಿಲ್ಲದೆ ಬರ್ತಾನೇ ಇದ್ದು, ಆಕ್ಸಿಲರೇಟರ್ ಕೊಟ್ಟಾಗ ಜಾಸ್ತಿಯಾದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ತಿದೆ ಅಂತ ಅರ್ಥ. ಅನುಮಾನ ಉಳಿದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ: ಮೂರೂ ಪ್ಲಗ್ ಬಿಚ್ಚಿ ಗೇಜ್ ಹಾಕಿ ಸೆಲ್ಫ್ ಹೊಡೆಯೋದು, ಅರ್ಧ ಗಂಟೆ ಕೆಲಸ. ಮೂರೂ ಸಿಲಿಂಡರಿನ ಒತ್ತಡ ಹತ್ತಿರ ಹತ್ತಿರ ಬಂದರೆ ಗ್ಯಾಸ್ಕೆಟ್ ಚಿಂತೆ ಬಿಡಿ. ಒಂದು ಮಾತ್ರ ಕೆಳಗೆ ಬಿದ್ದಿದ್ದರೆ ಆಗ ಹೆಡ್ ಬಿಚ್ಚೋ ಮಾತು. ಹೆಡ್ ಬಿಚ್ಚೋಕೂ ಇಂಜಿನ್ ಇಳಿಸಬೇಕಾಗಿಲ್ಲ.

ಬಿಸಿಲನಾಡು (ಕಲಬುರಗಿ)
ನಮ್ಮ ಕಡಿ ಬ್ಯಾಸಗ್ಯಾಗ 42 ಡಿಗ್ರಿ ಇರ್ತದ್ರಿ. ಥರ್ಮೋಸ್ಟ್ಯಾಟ್ ಇದ್ರ ಗಾಡಿ ಕುದೀತದ ಅಂತ ಮಿಸ್ತ್ರಿಗೋಳು ತೆಗದು ಒಗೀತಾರ. ಅದು ಇಲ್ದಿದ್ರೇ ಚಲೋ ಅಲ್ಲೇನ್ರಿ?

ರಿಂಚುಪಾನಾ
ಇಲ್ಲ ಅಣ್ಣ. 42 ಡಿಗ್ರಿ ಬಿಸಿಲಲ್ಲಿ ಇಂಜಿನ್ ಬಿಸಿಯಾದ ಮೇಲೆ ಅದು ಹೇಗೂ ಪೂರ್ತಿ ತೆರೆದೇ ಇರುತ್ತೆ, ನೀರಿಗೆ ಅಡ್ಡ ಬರಲ್ಲ. ಕಿತ್ತರೆ ರೇಡಿಯೇಟರ್ ಕಟ್ಟಿರೋದೋ ಫ್ಯಾನ್ ಸತ್ತಿರೋದೋ ಸ್ವಲ್ಪ ದಿನ ಮರೆಯಾಗುತ್ತೆ, ಅಷ್ಟೇ. ಕಡೆಗೆ ಘಾಟಿಯಲ್ಲೋ ಟ್ರಾಫಿಕ್‌ನಲ್ಲೋ ಅದೇ ಕಾಯಿಲೆ ಮೇಲೆ ಬರುತ್ತೆ. ಹಳೇಆಲ್ಟೊ ಅವರ ಗಾಡಿಗೆ ಆಗಿರೋದೂ ಅದೇ ಅನಿಸುತ್ತೆ. ಇನ್ನೊಂದು ಕಡೆ ಎಂಪಿಎಫ್‌ಐ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸೋ) ಇಂಜಿನ್ನಿನ ಕಂಪ್ಯೂಟರ್ ಇನ್ನೂ ತಣ್ಣಗಿದೆ ಅಂತ ತಿಳಿದು ಪೆಟ್ರೋಲ್ ಜಾಸ್ತಿ ಕೊಡ್ತಾನೇ ಇರುತ್ತೆ. ಮೈಲೇಜ್ ಬೀಳುತ್ತೆ, ಪ್ಲಗ್ ಕಪ್ಪಾಗುತ್ತೆ, ಆಯಿಲ್‌ಗೆ ಪೆಟ್ರೋಲ್ ಸೇರಿ ತೆಳ್ಳಗಾಗುತ್ತೆ.

ಹೊಸದು ಹಾಕೋ ಮುಂಚೆ ಪರೀಕ್ಷೆ ಮಾಡೋದು ಸುಲಭ. ಥರ್ಮೋಸ್ಟ್ಯಾಟ್ ಮೇಲೆ ಅದು ತೆರೆಯೋ ಡಿಗ್ರಿ ಒತ್ತಿರುತ್ತೆ, 82 ಅಂತ ಇರಬಹುದು. ಪಾತ್ರೆ ನೀರಿಗೆ ತಳ ತಾಗದ ಹಾಗೆ ದಾರ ಕಟ್ಟಿ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಆ ಡಿಗ್ರಿ ಹತ್ತಿರ ಬಂದಾಗ ನಡುವಿನ ತಟ್ಟೆ ಮೆಲ್ಲಗೆ ಮೇಲೇಳಬೇಕು, ನೀರು ಕುದಿಯೋ ಹೊತ್ತಿಗೆ ಚೆನ್ನಾಗಿ ಬಾಯಿ ಬಿಟ್ಟಿರಬೇಕು, ತಣ್ಣಗಾದ ಮೇಲೆ ಪೂರ್ತಿ ಮುಚ್ಚಬೇಕು. ಹೊಸ ಪೀಸ್‌ಗೂ ಈ ಪರೀಕ್ಷೆ ಮಾಡಿ. ಕೆಲವೇ ನೂರು ರೂಪಾಯಿ ಸಾಮಾನು, ಆದರೆ ಕೆಟ್ಟದ್ದು ಹಾಕಿ ಘಾಟಿಗೆ ಹೋದರೆ ಹೆಡ್ಡೇ ಹೋಗುತ್ತೆ.

ಬಿಸಿಲನಾಡು (ಕಲಬುರಗಿ)
ಹಂಗಂದ್ರ ಸರಿ ಅದ. ಫ್ಯಾನ್ ಮೊದಲ ನೋಡ್ಬೇಕು ಅಂದಂಗಾತು.

ಮೀಟರ್‌ಬೋರ್ಡ್
ಫ್ಯಾನ್ ವಿಷಯ ನಾನು ಹೇಳ್ತೀನಿ. ನಿಧಾನ ಹೋಗುವಾಗ ಕಾದರೆ ಫ್ಯಾನ್, ಹೈವೇ ವೇಗದಲ್ಲೂ ಕಾದರೆ ರೇಡಿಯೇಟರ್ ಅಥವಾ ನೀರಿನ ಓಟ ಅಂತ ಮೊದಲ ಅಂದಾಜು. ಘಾಟಿ ಅಂದರೆ ವೇಗ ಕಡಿಮೆ, ಭಾರ ಜಾಸ್ತಿ, ಎರಡೂ ಸೇರಿದ್ದು. ಫ್ಯಾನ್ ಕನೆಕ್ಟರ್ ಬಿಚ್ಚಿ ಬ್ಯಾಟರಿಯಿಂದ ನೇರ ಎರಡು ವೈರ್ ಕೊಡಿ, ಸಾಲಲ್ಲಿ ಒಂದು ಫ್ಯೂಸ್ ಇರಲಿ. ತಿರುಗಿದರೆ ಮೋಟಾರ್ ಸರಿ ಇದೆ, ಕಳ್ಳ ಇರೋದು ಫ್ಯೂಸ್, ರಿಲೇ, ಸೆನ್ಸರ್, ಅರ್ತ್ ಈ ನಾಲ್ಕರಲ್ಲಿ ಒಂದು. ತಿರುಗದಿದ್ದರೆ ಕಾರ್ಬನ್ ಬ್ರಷ್ ಸವೆದಿರುತ್ತೆ, ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬ್ರಷ್ ಮಾತ್ರ ಹಾಕಿಸಬಹುದು. ಕನೆಕ್ಟರ್ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ಹಾಗಿದ್ದರೆ ಅಲ್ಲಿ ಹಿಡಿತ ಸಡಿಲವಾಗಿ ಬಿಸಿಯಾಗ್ತಿದೆ ಅಂತ.

ಅಂದಹಾಗೆ ಬ್ಯಾಟರಿ ವೋಲ್ಟೇಜೂ ಬರ್ಕೊಳ್ಳಿ. ರಾತ್ರಿ ನಿಂತ ಗಾಡಿಯಲ್ಲಿ 12.6 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. ಇಂಜಿನ್ ಓಡ್ತಿರುವಾಗ ಹೆಡ್‌ಲೈಟ್ ಹಾಕಿ 13.8ರಿಂದ 14.4 ಬರಬೇಕು. ಕಡಿಮೆ ಬಂದರೆ ಹೊಸ ಬ್ಯಾಟರಿ ತರೋ ಮುಂಚೆ ಬೆಲ್ಟ್ ಬಿಗಿ ಇದೆಯಾ, ಗೇರ್‌ಬಾಕ್ಸಿನಿಂದ ಗಾಡಿಯ ಮೈಗೆ ಹೋಗೋ ಅರ್ತ್ ಪಟ್ಟಿ ಪಾಚಿ ಹಿಡಿದಿದೆಯಾ ನೋಡಿ. ಆ ಬೋಲ್ಟ್ ಬಿಚ್ಚಿ ಉಪ್ಪು ಕಾಗದ ಉಜ್ಜಿ ಮತ್ತೆ ಬಿಗಿದರೆ ಎಷ್ಟೋ ಸ್ಟಾರ್ಟಿಂಗ್ ತೊಂದರೆ ಅಲ್ಲಿಗೇ ಮುಗಿಯುತ್ತೆ.

ಘಾಟಿಸವಾರ
ರೇಡಿಯೇಟರ್ ಮುಚ್ಚಳ ಯಾರೂ ಹೇಳಲಿಲ್ಲ. ಅದರ ಮೇಲೆ 0.9 ಅಂತ ಇರುತ್ತೆ. ಅಷ್ಟು ಒತ್ತಡ ಹಿಡಿದರೆ ನೀರು ಕುದಿಯೋದು 100ಕ್ಕಲ್ಲ, ಸುಮಾರು 118 ಡಿಗ್ರಿಗೆ. ರಬ್ಬರ್ ಸೀಳಿದ್ದರೆ ಆ ರಕ್ಷಣೆ ಪೂರ್ತಿ ಹೋಯ್ತು. ಉಗುರಲ್ಲಿ ಒತ್ತಿ ನೋಡಿ, ಗಟ್ಟಿಯಾಗಿ ವೃತ್ತಾಕಾರ ಗುರುತು ಬಿದ್ದಿದ್ದರೆ ಬದಲಾಯಿಸಿ. ಮತ್ತೆ ಬೋರ್‌ವೆಲ್ ನೀರು ಸುರಿಯಬೇಡಿ, ಅದರ ಸುಣ್ಣ ಒಳಗಿನ ಸಣ್ಣ ಕೊಳವೆಗಳಿಗೆ ಕೂರುತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಜೊತೆ ಕೂಲೆಂಟ್ 30 ಭಾಗ ಇದ್ದರೆ ನಮ್ಮ ಹವೆಗೆ ಸಾಕು.

ಘಾಟಿ ಮಧ್ಯೆ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಇಡಿ. ಆ ಪುಟ್ಟ ಹೀಟರ್ ಕೂಡ ಒಂದು ರೇಡಿಯೇಟರೇ. ಆಗಲೂ ಇಳಿಯದಿದ್ದರೆ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ, ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ.

ಕಡಲತಡಿ (ಉಡುಪಿ)
ಎಲ್ಲರೂ ಇಂಜಿನ್ ಇಂಜಿನ್ ಅಂತಿದ್ದೀರಿ ಮಾರಾಯ್ರೆ, ಅವರು ಬ್ರೇಕ್ ಪೆಡಲ್ ಕೆಳಗೆ ಹೋಗ್ತದೆ ಅಂತ ಬರೆದಿದ್ದಾರೆ! ಆಗುಂಬೆ ಇಳಿಯುವ ಗಾಡಿ ಅದು, 14 ಹೇರ್‌ಪಿನ್ ತಿರುವು ಉಂಟು. ಮೊದಲ ಕೆಲಸ ಬ್ರೇಕ್. ಕಾದರೆ ಗಾಡಿ ನಿಲ್ತದೆ, ಬ್ರೇಕ್ ಹೋದರೆ ನಿಲ್ಲುವುದಿಲ್ಲ.

ರಿಂಚುಪಾನಾ
ಕಡಲತಡಿ ಅವರು ಹೇಳಿದ್ದು ಸರಿ, ನಾನು ಅದನ್ನೇ ಮೊದಲು ಬರೀಬೇಕಿತ್ತು.

ಪೆಡಲ್ ಹೇಗೆ ಕೆಳಗೆ ಹೋಗುತ್ತೆ ನೋಡಿ. ಒಂದೇ ಸಮ ಒತ್ತಿ ಹಿಡಿದಾಗ ಮೆಲ್ಲಗೆ ಜಾರುತ್ತಾ ಹೋದರೆ, ಹೊರಗೆ ಎಲ್ಲೂ ಸೋರಿಕೆ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಡವನ್ನ ಚಕ್ರಗಳಿಗೆ ಕಳಿಸೋ ಭಾಗ) ರಬ್ಬರ್ ಹೋಗಿದೆ. ಮೊದಲ ಒತ್ತಿಗೆ ಕೆಳಗೆ ಹೋಗಿ, ಎರಡು ಸಲ ಪಂಪ್ ಮಾಡಿದರೆ ಮೇಲೆ ಬಂದು ಗಟ್ಟಿ ನಿಂತರೆ ಹಿಂದಿನ ಡ್ರಮ್‌ನಲ್ಲಿ ಶೂ ಸವೆದು ಅಂತರ ಜಾಸ್ತಿಯಾಗಿದೆ. ಸ್ಪಂಜಿನ ಹಾಗಿದ್ದರೆ ಲೈನ್‌ನಲ್ಲಿ ಗಾಳಿ. ಹಳೇ ಆಲ್ಟೊದಲ್ಲಿ ಎರಡನೆಯದೇ ಜಾಸ್ತಿ, ಡ್ರಮ್ ಒಳಗಿನ ಅಡ್ಜಸ್ಟರ್ ತುಕ್ಕು ಹಿಡಿದು ಅಲ್ಲಾಡದೆ ಕೂತಿರುತ್ತೆ. ಡ್ರಮ್ ಬಿಚ್ಚಿ ಅಡ್ಜಸ್ಟರ್ ಸ್ವಚ್ಛ ಮಾಡಿ, ಲೋಹ ಲೋಹಕ್ಕೆ ಉಜ್ಜೋ ಜಾಗಕ್ಕೆ ಮಾತ್ರ ಚೂರು ಬಿಸಿ ತಡೆಯೋ ಗ್ರೀಸ್ ಹಚ್ಚಬೇಕು. ಶೂಗೆ ಗ್ರೀಸ್ ತಾಗಿದರೆ ಆ ಶೂ ಬಿಸಾಕಿ. ವೀಲ್ ಸಿಲಿಂಡರಿನ ರಬ್ಬರ್ ತುಟಿ ಸ್ವಲ್ಪ ಎತ್ತಿ ನೋಡಿ, ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಹೊಸದು. ಒಂದು ಕಡೆ ಸೋರಿದರೂ ಎರಡೂ ಕಡೆ ಹಾಕಿಸಿ. ಡ್ರಮ್ಮಲ್ಲಿ ಗೀರು ಬಿದ್ದಿದ್ದರೆ ಲೇತ್‌ಗೆ ಕೊಡಬಹುದು, ಆದರೆ ಗರಿಷ್ಠ ವ್ಯಾಸ ಡ್ರಮ್ ಮೇಲೇ ಎರಕ ಹೊಯ್ದಿರುತ್ತೆ, ಅದನ್ನು ದಾಟಬಾರದು.

ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು. ಅದು ಗಾಳಿಯ ತೇವ ಹೀರುತ್ತೆ, ಉದ್ದ ಘಾಟಿ ಇಳಿಯುವಾಗ ಆ ನೀರು ಆವಿಯಾಗಿ ಪೆಡಲ್ ಪೊಳ್ಳಾಗುತ್ತೆ. ಬಣ್ಣ ಡಿಕಾಕ್ಷನ್ ಆಗಿದ್ದರೆ ಕಾಯಲೇಬೇಡಿ. ಡಾಟ್ 3 ಡಬ್ಬ ಸೀಲ್ ಇರೋದೇ ತನ್ನಿ, ಬಾಯಿ ತೆರೆದಿಟ್ಟಿದ್ದು ಬೇಡ.

ಜೆಸಿರೋಡ್‌ಗಿರಾಕಿ (ಬೆಂಗಳೂರು)
ಗುರು, ಸಾಮಾನು ಕೊಳ್ಳೋ ಬಗ್ಗೆ. ಹೊಸದಕ್ಕೆ ಜೆ.ಸಿ. ರಸ್ತೆ, ಹಳೇದಕ್ಕೆ ಶಿವಾಜಿನಗರ. ಹಳೇದು ತಗೋಬಹುದಾದ್ದು: ಡೋರ್ ಗ್ಲಾಸ್, ಕಿಟಕಿ ಏರಿಸೋ ಮಿಷನ್, ಹ್ಯಾಂಡಲ್, ಸೀಟು, ಮಿರರ್, ಫ್ಯಾನ್ ಚೌಕಟ್ಟು, ಎದುರಿಗೇ ಪರೀಕ್ಷೆ ಮಾಡಿ ಕೊಟ್ಟರೆ ಆಲ್ಟರ್ನೇಟರ್. ಬ್ರೇಕ್ ಹೋಸ್, ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಬೆಲ್ಟ್, ಟೈರ್ ಇವನ್ನ ಹಳೇದು ಮುಟ್ಟಲೇಬೇಡಿ. ಹಳೇ ಪೀಸ್ ಕೈಯಲ್ಲಿ ಹಿಡಿದುಕೊಂಡು ಹೋಗಿ, ಬರೀ ಆಲ್ಟೊ ಅಂದರೆ ಕೆ10ದ್ದು ಕೊಟ್ಟು ಕಳಿಸ್ತಾರೆ. ಅದು 998 ಸಿಸಿ, ಬೇರೆಯೇ ಇಂಜಿನ್.

ಗುಂಡಿಗಳರಾಜ
ಕಟಕಟ ಸದ್ದಿಗೆ ಶಾಕ್ ಅಬ್ಸಾರ್ಬರ್ ಜೋಡಿ ಹಾಕಿಸಿಬಿಡಿ, ಮುಗೀತು.

ಘಾಟಿಸವಾರ
ನೋಡದೇ ಹಾಕಿಸಬೇಡಿ! ಮುಂದಿನ ಚಕ್ರ ಜಾಕ್‌ನಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಿ ಆಡಿದರೆ ಟೈ ರಾಡ್ ಎಂಡ್. 12 ಮತ್ತು 6ರಲ್ಲಿ ಆಡಿದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಆಗ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ: ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಲ್ಲೂ ಆಡದಿದ್ದರೆ ಲೋವರ್ ಆರ್ಮ್ ಬುಷ್, ಸ್ಟೆಬಿಲೈಸರ್ ಬುಷ್, ಸ್ಟ್ರಟ್ ಮೇಲಿನ ಮೌಂಟ್. ಬುಷ್‌ಗೆ ಖರ್ಚು ಬಹಳ ಕಡಿಮೆ. ಶಾಕ್ ಹೋಗಿದ್ದರೆ ಕಂಬಿಯ ಮೇಲೆ ಆಯಿಲ್ ಒಸರಿ ಮಣ್ಣು ಅಂಟಿರುತ್ತೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಅಂದರೆ ಡ್ರೈವ್ ಶಾಫ್ಟ್ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದ ದಿನವೇ ಬೂಟ್ ಮತ್ತು ಗ್ರೀಸ್ ಹಾಕಿದ್ದರೆ ಜಾಯಿಂಟ್ ಉಳಿಯುತ್ತೆ, ಮಣ್ಣು ಹೊಕ್ಕ ಮೇಲೆ ಇಲ್ಲ.

ಹಳೇಆಲ್ಟೊ (ಶಿವಮೊಗ್ಗ)
ಎಲ್ಲರಿಗೂ ಧನ್ಯವಾದ. ಡಿಪ್‌ಸ್ಟಿಕ್‌ನಲ್ಲಿ ಕೆನೆ ಇಲ್ಲ, ಆಯಿಲ್ ಕಪ್ಪಗಿದೆ. ರೇಡಿಯೇಟರ್‌ನಲ್ಲಿ ಗುಳ್ಳೆ ನಿಂತಿತು. ಆಯಿಲ್ ಸುಟ್ಟ ವಾಸನೆಗೆ ಏನು ಮಾಡಲಿ?

ರಿಂಚುಪಾನಾ
ಬಹುಶಃ ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಮೇಲಿನ ಮುಚ್ಚಳದ ಸೀಲ್. ಅಲ್ಲಿಂದ ಒಸರಿ ಬಿಸಿ ಮ್ಯಾನಿಫೋಲ್ಡ್ (ಹೊಗೆ ಹೋಗೋ ಕೊಳವೆ) ಮೇಲೆ ಬಿದ್ದು ಸುಡುತ್ತೆ. ಖಚಿತ ಮಾಡ್ಕೊಳ್ಳೋಕೆ ತಣ್ಣಗಿರೋ ಇಂಜಿನ್ನನ್ನ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, ಅನುಮಾನದ ಜಾಗಕ್ಕೆಲ್ಲ ಮುಖಕ್ಕೆ ಹಾಕೋ ಪೌಡರ್ ಉದುರಿಸಿ. ಹತ್ತು ನಿಮಿಷ ಓಡಿಸಿ ಬಂದು ಟಾರ್ಚ್ ಹಿಡಿದರೆ ಬಿಳಿ ಪುಡಿ ಮೇಲೆ ಕಪ್ಪು ಗೆರೆ ಎಲ್ಲಿಂದ ಶುರುವಾಗಿದೆ ಅಂತ ಸ್ಪಷ್ಟ ಕಾಣುತ್ತೆ. ಕೆಳಗೆ ಒದ್ದೆ ಇದೆ ಅಂತ ಕೆಳಗಿನ ಸೀಲ್ ಬಿಚ್ಚಿಸೋದು ತಪ್ಪು. ಆಯಿಲ್ ಮೇಲಿಂದ ಇಳಿದು ಗಾಳಿಗೆ ಹಿಂದೆ ಹರಿಯುತ್ತೆ. ಗ್ಯಾಸ್ಕೆಟ್ ಹಾಕುವಾಗ ಕವರ್ ಬೋಲ್ಟ್ ಅತಿ ಬಿಗಿ ಮಾಡಿದರೆ ಕವರ್ ಬಾಗಿ ಮತ್ತೆ ಸೋರುತ್ತೆ.

ಆಯಿಲ್ ಬದಲಾಯಿಸುವಾಗ ಫಿಲ್ಟರೂ ಬದಲಾಯಿಸಿ. ಮೂರು ಲೀಟರ್ ಕ್ಯಾನ್ ಸಾಕು, ಆದರೆ ಎಲ್ಲಾ ಒಂದೇ ಸಲ ಸುರಿಯಬೇಡಿ, ಡಿಪ್‌ಸ್ಟಿಕ್ ಮೇಲಿನ ಗೆರೆಗೆ ನಿಲ್ಲಿಸಿ. ಈ ವಯಸ್ಸಿನ ಇಂಜಿನ್ನಿಗೆ ಫ್ಲಶ್ ದ್ರವ ಹಾಕಿಸಬೇಡಿ. ಅದು ಕೆರೆದ ಜಿಡ್ಡು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರಬಹುದು.

ಜೆಸಿರೋಡ್‌ಗಿರಾಕಿ (ಬೆಂಗಳೂರು)
ಟೈಮಿಂಗ್ ಬೆಲ್ಟ್ ಮರೀಬೇಡಿ. 1,18,000, ಬಿಲ್ ಇಲ್ಲ ಅಂದರೆ ಹಾಕಿಲ್ಲ ಅಂತಲೇ ಲೆಕ್ಕ.

ಬಿಸಿಲನಾಡು (ಕಲಬುರಗಿ)
ಬೆಲ್ಟ್ ಕವರ್ ತೆಗದು ನೋಡಿದ್ರ ಗೊತ್ತಾಗ್ತದಲ್ರಿ, ಚಲೋ ಇದ್ರ ಯಾಕ ರೊಕ್ಕ ಹಾಕ್ಬೇಕು?

ರಿಂಚುಪಾನಾ
ಕಣ್ಣಿಗೆ ಚೆನ್ನಾಗಿ ಕಾಣೋ ಬೆಲ್ಟೂ ಹಲ್ಲಿನ ಬುಡದಲ್ಲಿ ಸೀಳಿರುತ್ತೆ ಅಣ್ಣ, ರಬ್ಬರಿಗೆ ಕಿ.ಮೀ. ಜೊತೆಗೆ ವರ್ಷವೂ ಲೆಕ್ಕ. ಬೆಲ್ಟ್ ತುಂಡಾದರೆ ಇಂಜಿನ್ ನಿಂತಲ್ಲೇ ನಿಲ್ಲುತ್ತೆ, ವಾಲ್ವ್ ಬಾಗೋ ಅಪಾಯ ಬೇರೆ. ಬಿಚ್ಚಿದಾಗ ಟೆನ್ಷನರ್, ಕ್ಯಾಮ್ ಸೀಲ್, ಕ್ರ್ಯಾಂಕ್ ಮುಂದಿನ ಸೀಲ್ ಒಟ್ಟಿಗೆ ಹಾಕಿಸಿ, ವಾಟರ್ ಪಂಪ್ ಕೈಯಲ್ಲಿ ತಿರುಗಿಸಿ ಆಟ, ಸದ್ದು, ಸೋರಿದ ಕಲೆ ನೋಡಿ. ಕೂಲಿ ಒಂದೇ ಸಲ ಬೀಳುತ್ತೆ.

ಕಡಲತಡಿ (ಉಡುಪಿ)
ತುಕ್ಕಿನ ಬಗ್ಗೆ ನಾನು ಹೇಳ್ತೇನೆ, ನಮ್ಮಲ್ಲಿ ಉಪ್ಪುಗಾಳಿ, ಇದೇ ನಿತ್ಯದ ಕೆಲಸ. ಕಾರ್ಪೆಟ್ ಪೂರ್ತಿ ತೆಗೆದು ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ. ಟಣ್ ಅಂದರೆ ಮೇಲಿನ ತುಕ್ಕು, ಮೆತ್ತಗೆ ಕೇಳಿದರೆ ತೂತು ಬೀಳುವ ಹಂತ. ನೀರು ಎಲ್ಲಿಂದ ಬರ್ತದೆ ಅಂತ ಮೊದಲು ಹುಡುಕಿ: ವಿಂಡ್‌ಶೀಲ್ಡ್ ರಬ್ಬರ್, ವೈಪರ್ ಕೆಳಗಿನ ಎಲೆಕಸ ತುಂಬಿದ ಗುಂಡಿ, ಬಾಗಿಲಿನ ಅಡಿಯ ಸಣ್ಣ ತೂತುಗಳು. ಆ ತೂತು ಕಟ್ಟಿದರೆ ಬಾಗಿಲೊಳಗೆ ನೀರು ನಿಂತು ಒಳಗಿಂದಲೇ ತಿಂತದೆ. ನೀರು ನಿಲ್ಲಿಸದೆ ಪ್ಯಾಚ್ ಹಾಕಿದರೆ ಒಂದು ಮಳೆಗಾಲಕ್ಕೆ ಎಂತ ಉಳಿಯುದಿಲ್ಲ.

ತೂತು ಇದ್ದರೆ ಶೀಟ್ ಕತ್ತರಿಸಿ ವೆಲ್ಡಿಂಗ್. ಕಾರ್ಪೆಟ್, ವೈರಿಂಗ್ ಸರಿಸಿ ಬ್ಯಾಟರಿ ಕೇಬಲ್ ಕಳಚಿಯೇ ವೆಲ್ಡಿಂಗ್ ಮಾಡಿಸಿ. ಬರೀ ಮೇಲಿನ ತುಕ್ಕಾದರೆ ವೈರ್ ಬ್ರಷ್, ತುಕ್ಕು ನಿಲ್ಲಿಸುವ ಪ್ರೈಮರ್, ಪೇಂಟ್. ಅಂಡರ್‌ಬಾಡಿ ಕೋಟಿಂಗ್ ಒದ್ದೆ ತುಕ್ಕಿನ ಮೇಲೆ ಹೊಡೆಸಬೇಡಿ, ತೇವ ಒಳಗೇ ಸಿಕ್ಕಿ ಇನ್ನೂ ಬೇಗ ಹೋಗ್ತದೆ. ಬೇಸಿಗೆಯಲ್ಲಿ ನಾಲ್ಕು ದಿನ ಒಣಗಿಸಿ ಮಾಡಿಸಿ. ಜಾಕ್ ಕೊಡುವ ಜಾಗ ಮತ್ತು ಸ್ಟ್ರಟ್ ಕೂರುವ ಗೋಪುರ ಗಟ್ಟಿ ಇದ್ದರೆ ಮಾತ್ರ ಖರ್ಚು ಮಾಡಿ. ಅವೆರಡು ಹೋಗಿದ್ದರೆ ಆ ಗಾಡಿ ಬಿಡುವುದೇ ಒಳ್ಳೆಯದು.

ಮಾವಿನಕೆರೆ
ಇ20 (ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ) ಪೆಟ್ರೋಲ್‌ನಿಂದ ಹಳೇ ಗಾಡಿ ಹಾಳಾಗುತ್ತಾ?

ಮೀಟರ್‌ಬೋರ್ಡ್
ಇಂಜಿನ್ ಸಿಡಿದು ಹೋಗಲ್ಲ ಮೇಡಂ, ಆದರೆ ರಬ್ಬರ್ ಮೇಲೆ ಕಣ್ಣಿಡಿ. ಇ20 ತಡೆಯೋ ರಬ್ಬರ್, ಪ್ಲಾಸ್ಟಿಕ್ ಕಡ್ಡಾಯವಾಗಿದ್ದು 2023ರ ಏಪ್ರಿಲ್‌ನಿಂದ ಬಂದ ಗಾಡಿಗಳಿಗೆ. ಹಳೇ ಪೆಟ್ರೋಲ್ ಹೋಸ್ ಬಗ್ಗಿಸಿ ನೋಡಿ, ಬಿರುಕು, ಊತ, ವಾಸನೆ ಇದ್ದರೆ ಇಂಜೆಕ್ಷನ್ ಒತ್ತಡಕ್ಕೆಂದೇ ಮಾಡಿದ ಹೋಸ್ ಹಾಕಿಸಿ. ಅದರ ಮೇಲೆ ಎಸ್‌ಎಇ ಜೆ30ಆರ್9 ಅಂತ ಅಚ್ಚಾಗಿರುತ್ತೆ. ಕಾರ್ಬುರೇಟರ್ ಗಾಡಿಯ ಸಾದಾ ಹೋಸ್ ಬೇಡ. ಎಥನಾಲ್ ಟ್ಯಾಂಕಿನ ಹಳೇ ಜಿಡ್ಡು ಕಿತ್ತು ತರುತ್ತೆ, ಹಾಗಾಗಿ ಪೆಟ್ರೋಲ್ ಫಿಲ್ಟರ್ ಒಮ್ಮೆ ಬದಲಾಯಿಸಿ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ, ಲೆಕ್ಕದ ಪ್ರಕಾರ ಮೈಲೇಜ್ ನೂರಕ್ಕೆ ಆರೇಳು ಇಳಿಯುತ್ತೆ. ಅದಕ್ಕಿಂತ ಜಾಸ್ತಿ ಇಳಿದರೆ ಕಾರಣ ಬೇರೆ ಹುಡುಕಿ. ರಿಸರ್ವ್‌ನಲ್ಲೇ ಓಡಿಸಬೇಡಿ, ಟ್ಯಾಂಕ್ ಒಳಗಿನ ಪಂಪ್ ತಂಪಾಗೋದು ಪೆಟ್ರೋಲಿನಿಂದಲೇ.

ಕಾಗದಪತ್ರ
ಈಗ ನವೀಕರಣ. ಅವಧಿ ಮುಗಿಯೋ 60 ದಿನ ಮೊದಲಿಂದ ಅರ್ಜಿ ಹಾಕಬಹುದು, ಫಾರಂ 25, ಪರಿವಾಹನ್ ಜಾಲತಾಣದಲ್ಲಿ. 2022ರ ಏಪ್ರಿಲ್‌ನಿಂದ ಶುಲ್ಕ ಕಾರಿಗೆ 5,000 ರೂ. ಮಾಡಿದ್ದರು, ತಡವಾದರೆ ತಿಂಗಳಿಗೆ 500 ದಂಡ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000 ಮಾಡಿದ್ದಾರೆ. ಹಸಿರು ತೆರಿಗೆ ಬೇರೆ. ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಇಟ್ಕೊಳ್ಳಿ. ಚಾಸಿಸ್ ನಂಬರ್ ಮೇಲೆ ತುಕ್ಕು ಕೂತಿದ್ದರೆ ಮೆಲ್ಲಗೆ ಬಟ್ಟೆಯಲ್ಲಿ ಒರೆಸಿ, ಗ್ರೈಂಡರ್ ಹಿಡಿದರೆ ಅಂಕಿ ಅಳಿಸಿ ದೊಡ್ಡ ಸಮಸ್ಯೆ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಉಳಿದಿದ್ದರೆ ಫಾರಂ 35 ಕೊಟ್ಟು ಮೊದಲು ತೆಗೆಸಿ. ಎಚ್‌ಎಸ್‌ಆರ್‌ಪಿ ಪ್ಲೇಟ್, ಹಾರ್ನ್, ವೈಪರ್, ಎಲ್ಲ ದೀಪ, ಹ್ಯಾಂಡ್ ಬ್ರೇಕ್ ಸರಿ ಇರಲಿ.

ಎಮಿಷನ್‌ಗೆ ಹೋಗುವಾಗ ಹದಿನೈದು ನಿಮಿಷ ಓಡಿಸಿ ಬಿಸಿ ಇಂಜಿನ್‌ನಲ್ಲೇ ಹೋಗಿ, ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡೋದು ಬಿಸಿಯಾದ ಮೇಲೆ. ಗಾಡಿ ಬಿಎಸ್-3 (ಹೊಗೆ ಮಾನದಂಡದ ಹಂತ) ಆದರೆ ಸಿಒ, ಅಂದರೆ ಕಾರ್ಬನ್ ಮಾನಾಕ್ಸೈಡ್, ಶೇ. 0.5, ಬಿಎಸ್-4 ಆದರೆ ಶೇ. 0.3 ಮೀರಬಾರದು. ಥರ್ಮೋಸ್ಟ್ಯಾಟ್ ಇಲ್ಲದ ಗಾಡಿ ಇಲ್ಲೇ ಸಿಕ್ಕಿಬೀಳೋದು.

ಮಾವಿನಕೆರೆ
ಇನ್ಶೂರೆನ್ಸ್ ಥರ್ಡ್ ಪಾರ್ಟಿ ಸಾಕಾ?

ಕಾಗದಪತ್ರ
ಗಾಡಿ ಬೆಲೆಯೇ ಕಡಿಮೆ ಇರುವಾಗ ಸಾಕು. 1000 ಸಿಸಿ ಒಳಗಿನ ಕಾರಿಗೆ 2022ರ ದರ 2,094 ರೂ., ಮೇಲೆ ಜಿಎಸ್‌ಟಿ. ಮಾಲೀಕರ 15 ಲಕ್ಷದ ಅಪಘಾತ ವಿಮೆ ಬಿಡಬೇಡಿ.

ಘಾಟಿಸವಾರ
ಟೈರ್ ಪಕ್ಕದ ನಾಲ್ಕು ಅಂಕಿ ನೋಡಿದಿರಾ? 2319 ಅಂದರೆ 2019ರ 23ನೇ ವಾರ. ಟೈರ್ ಮೇಲಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಇಳಿದಿದ್ದರೆ, ಅಥವಾ ಆರು ವರ್ಷ ದಾಟಿ ಪಕ್ಕದಲ್ಲಿ ಬಿರುಕು ಬಂದಿದ್ದರೆ ಬದಲಾಯಿಸಿ. 145/80 ಆರ್12 ದೊಡ್ಡ ಖರ್ಚಲ್ಲ.

ಹಳೇಆಲ್ಟೊ (ಶಿವಮೊಗ್ಗ)
ಬೇರೆ ಮೆಕ್ಯಾನಿಕ್ ಹತ್ತಿರ ನೀವು ಹೇಳಿದ ಕ್ರಮದಲ್ಲೇ ಬಿಚ್ಚಿಸಿದೆ. ಥರ್ಮೋಸ್ಟ್ಯಾಟ್ ಜಾಗ ಖಾಲಿ ಇತ್ತು. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಹುಲ್ಲಿನ ಚೂರು, ಹುಳ, ಮಣ್ಣು ಸೇರಿ ಬೆರಳು ದಪ್ಪದ ಕಂಬಳಿ ಆಗಿತ್ತು. ಮುಚ್ಚಳದ ರಬ್ಬರ್ ಸೀಳಿತ್ತು. ಫ್ಯಾನ್ ಮೋಟಾರ್ ಸರಿ ಇದೆ, ಕನೆಕ್ಟರ್ ಸುಟ್ಟಿತ್ತು. ಕಂಪ್ರೆಷನ್ ಮೂರರಲ್ಲೂ ಸಮ. ಹಿಂದಿನ ಬಲಗಡೆ ವೀಲ್ ಸಿಲಿಂಡರ್ ಒದ್ದೆ, ಎರಡೂ ಬದಲಾಯಿಸಿ ಶೂ, ಫ್ಲೂಯಿಡ್ ಹೊಸದು. ಸದ್ದು ಲೋವರ್ ಆರ್ಮ್ ಬುಷ್‌ದು. ಬೆಲ್ಟ್, ಟೆನ್ಷನರ್, ಸೀಲ್, ಟ್ಯಾಪೆಟ್ ಗ್ಯಾಸ್ಕೆಟ್ ಸೇರಿ ಒಟ್ಟು 18,400 ಆಯಿತು. ಕಾಲಡಿಯ ಶೀಟ್ ಟಣ್ ಅನ್ನುತ್ತದೆ, ಬೇಸಿಗೆಗೆ ಪ್ರೈಮರ್ ಹೊಡೆಸುತ್ತೇನೆ.

ರಿಂಚುಪಾನಾ
ತುಂಬಾ ಒಳ್ಳೆಯದಾಯ್ತು ಸರ್. ರೇಡಿಯೇಟರ್ ತೊಳೆಯುವಾಗ ಇಂಜಿನ್ ಕಡೆಯಿಂದ ಹೊರಗೆ, ಮೆಲ್ಲನೆ ನೀರಲ್ಲಿ ತೊಳೀಲಿ. ವಾಟರ್ ಸರ್ವಿಸ್ ಗನ್ ಹಿಡಿದರೆ ತೆಳ್ಳನೆ ರೆಕ್ಕೆ ಮಡಚಿ ಮತ್ತೆ ಕಟ್ಟುತ್ತೆ. ಹೊಸ ಕೂಲೆಂಟ್ ಹಾಕಿದ್ದೀರಿ, ಒಂದು ವಾರ ದಿನಾ ಬೆಳಿಗ್ಗೆ ತಣ್ಣಗಿದ್ದಾಗ ಮುಚ್ಚಳ ತೆಗೆದು ಮಟ್ಟ ನೋಡಿ. ಒಳಗಿದ್ದ ಗಾಳಿ ಹೊರಬಂದು ಸ್ವಲ್ಪ ಇಳಿಯುತ್ತೆ, ತುಂಬಿಸಿ. ವಾರದ ನಂತರವೂ ಇಳೀತಾ ಇದ್ದರೆ ಇಲ್ಲಿ ಬರೀರಿ.

ಕಡಲತಡಿ (ಉಡುಪಿ)
ಹೊಸ ಬ್ರೇಕ್ ಶೂ ಕೂರಲಿಕ್ಕೆ ಇನ್ನೂರು ಕಿ.ಮೀ. ಬೇಕು. ಅಲ್ಲಿವರೆಗೆ ಘಾಟಿ ಇಳಿಯುವಾಗ ಎರಡನೇ ಗೇರ್ ಬಿಡಬೇಡಿ ಆಯ್ತಾ.